ಮೀನಿನ ಬುಟ್ಟಿ ಬಿದ್ದಿದ್ದ ದಾರಿ

ಇಬ್ನ್ ಬತೂತಾನ ಹೆಸರು ಬಂದಾಗ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ಹೊನ್ನಾವರ. 1342ರ ಸುಮಾರಿಗೆ ದಿಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಈ ಮೊರಾಕ್ಕೋದ ಮುಸಾಫಿರ ಹೊನ್ನಾವರದಲ್ಲಿ ತಂಗಿದ್ದ. ಅಲ್ಲಿನ ಹೆಂಗಸರಿಗೆಲ್ಲ ಕುರ್‌ಆನ್ ಕಂಠಪಾಠವಿತ್ತೆಂದೂ, ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಶಾಲೆಗಳನ್ನು ಕಂಡೆನೆಂದೂ ಬರೆದ. ಈ ಮಾತನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಅದೇ ಕರಾವಳಿಯಲ್ಲಿ, ಹೊನ್ನಾವರಕ್ಕೂ ಬಾರ್ಕೂರಿಗೂ ನಡುವೆ, 12 ಹಡಗುಗಳಲ್ಲಿ ಬಂದ ಕಡಲುಗಳ್ಳರು ಮುಂದೊಮ್ಮೆ ಅವನನ್ನು ಮುತ್ತಿ, ಇಜಾರೊಂದನ್ನು ಬಿಟ್ಟು ಇದ್ದುದನ್ನೆಲ್ಲ ಸುಲಿದುಕೊಂಡರು. ಇದನ್ನು ಮಾತ್ರ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ.

ಸಮುದ್ರಕ್ಕೆ ಹೆದರುವುದನ್ನು ಹೀಗೆ ನಮ್ಮ ಕರಾವಳಿಯಲ್ಲಿ ಕಲಿತ ಮನುಷ್ಯ ಕೆಲವೇ ವರ್ಷಗಳ ಬಳಿಕ, 1350ರಲ್ಲಿ, ಇನ್ನೊಂದು ಕರಾವಳಿಯಲ್ಲಿ ಕುದುರೆಯ ಮೇಲೆ ಹೊರಟ. ಅದು ಸ್ಪೇನಿನ ದಕ್ಷಿಣ ತೀರ, ಆಗ ಗ್ರಾನಡಾದ ಸುಲ್ತಾನರ ನಾಡು, ನಮ್ಮ ಹಿರಿಯರು ಉರ್ದುವಿನಲ್ಲಿ ಉಂದಲುಸ್ ಎಂದು ಕರೆದ ಸೀಮೆ. ಅವನು ಹೋದ ಆ ದಾರಿಯನ್ನು ಹಿಡಿದು, ಅವನು ತಿರುಗಿಕೊಂಡ ಕಡೆ ತಿರುಗದೆ ಇನ್ನೂ ಮುಂದಕ್ಕೆ, ಕೆಲವು ವರ್ಷಗಳ ಹಿಂದೆ ನಾವೂ ಬಾಡಿಗೆ ಕಾರಿನಲ್ಲಿ ಹೋಗಿ ಬಂದೆವು. ನಮ್ಮ ಜೊತೆ ಮೂವರಿದ್ದರು. ಒಬ್ಬರು ಧಾರವಾಡದ ಕಡೆಯ ನಿವೃತ್ತ ಇತಿಹಾಸ ಮೇಷ್ಟ್ರು. ಇನ್ನೊಬ್ಬರು ದಮ್ಮಾಮಿನಲ್ಲಿ ಹದಿನೈದು ವರ್ಷ ದುಡಿದು ಊರಿಗೆ ಮರಳಿದ ಭಟ್ಕಳದ ಗೆಳೆಯರು. ಅರಬಿ ಮಾತಾಡುವುದು ಅವರ ಪಾಲು. ಮೂರನೆಯವರು ಮೇಷ್ಟ್ರ ಅಳಿಯ, ಯುರೋಪಿನಲ್ಲಿ ಇಂಜಿನಿಯರು. ಕಾರು ಓಡಿಸುವುದು ಅವರ ಪಾಲು.

ಉಂದಲುಸ್ ಎಂದರೆ ನಮ್ಮಂಥ ಉರ್ದು ಶಾಲೆಯಲ್ಲಿ ಓದಿದವರಿಗೆ ಒಂದು ಭೂಗೋಳವಲ್ಲ, ಒಂದು ನಿಟ್ಟುಸಿರು. 1933ರಲ್ಲಿ ಇಕ್ಬಾಲರು ಕುರ್ತುಬಾದ ಮಸೀದಿಯನ್ನು ಕಂಡು ಬರೆದ ಪದ್ಯವನ್ನು ನಮ್ಮ ಉಸ್ತಾದರು ಕಣ್ಣೊರೆಸಿಕೊಂಡು ಪಾಠ ಮಾಡುತ್ತಿದ್ದರು. ನಸೀಮ್ ಹಿಜಾಝಿಯ ಕಾದಂಬರಿಗಳನ್ನು ದೀಪವಾರಿಸಿದ ಮೇಲೂ ಟಾರ್ಚಿನ ಬೆಳಕಲ್ಲಿ ಓದಿದವರು ನಾವು. ಅಲ್ಲಿ ಅಳುವುದೂ ಕಾದುವುದೂ ಬರೀ ಸುಲ್ತಾನರು, ಸೇನಾಪತಿಗಳು, ಅವರ ಕುದುರೆಗಳು. ಊರಿನ ನೇಕಾರ, ಕಬ್ಬಿನ ಗದ್ದೆಯ ಆಳು, ಬೆಸ್ತ ಇವರು ಯಾವ ಪುಟದಲ್ಲೂ ಸಿಕ್ಕಿದ ನೆನಪಿಲ್ಲ. ಕನ್ನಡ ಶಾಲೆಗೆ ಬಂದ ಮೇಲೆ, ಚೋಮನಂಥವರ ಕಥೆ ಓದಿದ ಮೇಲೆ, ಈ ಕೊರತೆ ನಮಗೆ ಕಾಣತೊಡಗಿತು. ಇಬ್ನ್ ಬತೂತಾನ ಪುಸ್ತಕವನ್ನು ನಾವು ಹಿಡಿದುಕೊಂಡು ಹೋದದ್ದು ಆ ಕಾರಣಕ್ಕೆ. ಅದರ ಉಂದಲುಸ್ ಭಾಗ ಕೆಲವೇ ಪುಟಗಳದು. ಆದರೆ ಅಲ್ಲಿ ಒಬ್ಬ ಬೆಸ್ತನಿದ್ದಾನೆ.

ಆ ವರ್ಷದ ಮಾರ್ಚಿನಲ್ಲಿ ಕ್ಯಾಸ್ಟೈಲಿನ ದೊರೆ ಹನ್ನೊಂದನೆಯ ಅಲ್ಫೊನ್ಸೊ, ಜಿಬ್ರಾಲ್ಟರಿಗೆ ಮುತ್ತಿಗೆ ಹಾಕಿ ಕುಳಿತಿದ್ದಾಗಲೇ, ಪ್ಲೇಗಿಗೆ ಬಲಿಯಾಗಿದ್ದ. ಮುತ್ತಿಗೆ ತೆರವಾಗಿತ್ತು. ಇಬ್ನ್ ಬತೂತಾ ಜಿಬ್ರಾಲ್ಟರ್ ನೋಡಿ, ಬೆಟ್ಟದ ಮೇಲಿನ ರೊಂಡಾಕ್ಕೆ ಹೋಗಿ, ಇಳಿದು ಮಾರ್ಬೆಲ್ಲಾಕ್ಕೆ ಬಂದ. ಅಲ್ಲಿ ಮಾಲಗಾ ನಗರಕ್ಕೆ ಹೊರಟ 12 ಸವಾರರು ಕಂಡರು. ಅವರ ಜೊತೆ ಹೋಗಬೇಕೆಂದುಕೊಂಡ. ಅವರು ಮುಂದೆ ಹೊರಟುಬಿಟ್ಟರು. ಇವನು ಹಿಂದಿನಿಂದ ಹೋಗುತ್ತಿದ್ದಾಗ ಸುಹೈಲ್ ಎಂಬ ಕೋಟೆಯ ಸೀಮೆಯಲ್ಲಿ ಕಂದಕದಲ್ಲಿ ಸತ್ತುಬಿದ್ದ ಕುದುರೆಯೊಂದು ಕಂಡಿತು. ಸ್ವಲ್ಪ ಮುಂದೆ ನೆಲದ ಮೇಲೆ ಚೆಲ್ಲಿಬಿದ್ದ ಒಂದು ಮೀನಿನ ಬುಟ್ಟಿ. ಎದುರಿಗೇ ಕಾವಲು ಗೋಪುರವಿತ್ತು. ಶತ್ರು ಬಂದಿದ್ದರೆ ಮೇಲಿನವನು ಕೂಗುತ್ತಿದ್ದನಲ್ಲ ಎಂದುಕೊಂಡು ಅವನು ಮುಂದುವರಿದ. ಇನ್ನೊಂದು ಸತ್ತ ಕುದುರೆ. ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ತಿರುಗಿ ಹೋದರೆ ಸುಹೈಲ್ ಕೋಟೆಯ ಅಧಿಕಾರಿ ಇವನ ಜೊತೆಗಾರರ ಬಳಿ ನಿಂತಿದ್ದಾನೆ. ಶತ್ರುಗಳ ನಾಲ್ಕು ಹಡಗುಗಳು ದಡಕ್ಕೆ ಬಂದಿದ್ದವು. ಆ ಹೊತ್ತಿಗೆ ಗೋಪುರದಲ್ಲಿ ಕಾವಲುಗಾರನೇ ಇರಲಿಲ್ಲ. 12 ಸವಾರರಲ್ಲಿ ಒಬ್ಬ ಸತ್ತ, ಒಬ್ಬ ತಪ್ಪಿಸಿಕೊಂಡ, ಹತ್ತು ಜನ ಸೆರೆ ಸಿಕ್ಕಿದರು. ಅವರ ಜೊತೆಗಿದ್ದ ಬೆಸ್ತನನ್ನೂ ಕೊಂದರು. ಬುಟ್ಟಿ ಅವನದು.

ಮಾರ್ಬೆಲ್ಲಾ ಈಗ ಸಿರಿವಂತರ ಊರು. ಅಲ್ಲಿಂದ ಸುಹೈಲ್ ಕೋಟೆಯಿರುವ ಫುಯೆಂಗಿರೋಲಾಕ್ಕೆ ಮೂವತ್ತು ಕಿಲೋಮೀಟರಿಗಿಂತ ಕಡಿಮೆ ದಾರಿ. ಎಡಕ್ಕೆ ಬೋಳು ಬೆಟ್ಟ, ಬಲಕ್ಕೆ ಕಡಲು, ನಡುವೆ ಸಿಕ್ಕ ಪಟ್ಟಿಯಷ್ಟು ನೆಲದಲ್ಲಿ ಹೋಟೆಲು, ಗಾಲ್ಫ್ ಮೈದಾನ, ಬಿಳಿಯ ಬಂಗಲೆಗಳು. ಕೋಟೆಯ ಗೋಡೆಗಳು ಗಟ್ಟಿಯಾಗಿವೆ. ಒಳಗೆ ಈಗ ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ. ಸುಹೈಲ್ ಎಂಬುದು ಒಂದು ನಕ್ಷತ್ರದ ಅರಬಿ ಹೆಸರು. ದಕ್ಷಿಣದ ಆಕಾಶದ ಈ ನಕ್ಷತ್ರ ಯುರೋಪಿನ ಬಹುಭಾಗಕ್ಕೆ ಕಾಣುವುದೇ ಇಲ್ಲ, ಈ ತೀರದಲ್ಲಿ ಮಾತ್ರ ಕಡಲಂಚಿಗೆ ತಾಗಿದಂತೆ ಒಂದಿಷ್ಟು ಹೊತ್ತು ಕಾಣುತ್ತದೆ. ಯಾವ ನಕ್ಷತ್ರವೆಂದು ತಲೆ ಕೆರೆದುಕೊಳ್ಳುತ್ತಿದ್ದ ನಮಗೆ ಮೇಷ್ಟ್ರು, "ನಮ್ಮ ಅಗಸ್ತ್ಯ ಅಲ್ಲೇನ್ರೀ!" ಎಂದರು. ಹೌದು, ಅಗಸ್ತ್ಯನೇ. ಇದೇ ಊರಿನ ಹೆಸರು ಹೊತ್ತ ಅಲ್-ಸುಹೈಲಿ ಎಂಬ ಅಂಧ ವಿದ್ವಾಂಸರು ಪ್ರವಾದಿಯವರ(ಸ) ಚರಿತ್ರೆಗೆ ಬರೆದ ವ್ಯಾಖ್ಯಾನವನ್ನು ಅರಬಿ ಮದರಸಾಗಳಲ್ಲಿ ಇಂದಿಗೂ ಓದುತ್ತಾರೆ. ಅವರು 1185ರಲ್ಲಿ ತೀರಿಕೊಂಡದ್ದು ಮೊರಾಕ್ಕೋದ ಮರಾಕಶ್‌ನಲ್ಲಿ.

ಕೋಟೆಗಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗೋಪುರಗಳು. ಈ ಕರಾವಳಿಯುದ್ದಕ್ಕೂ, ಒಂದರಿಂದ ಇನ್ನೊಂದು ಕಾಣುವಂತೆ, ಗುಂಡನೆಯ ಇಲ್ಲವೆ ಚೌಕದ ಕಾವಲು ಗೋಪುರಗಳು ಉಳಿದಿವೆ. ಕೆಲವು ಹೋಟೆಲಿನ ಅಂಗಳದಲ್ಲಿ ಸಿಕ್ಕಿಹಾಕಿಕೊಂಡಿವೆ. ಕಡಲಿನಲ್ಲಿ ಹಡಗು ಕಂಡರೆ ಹಗಲು ಹೊಗೆ, ರಾತ್ರಿ ಬೆಂಕಿ ತೋರಿಸುವುದು. ಮುಂದಿನ ಗೋಪುರದವನು ಅದನ್ನು ಮುಂದಕ್ಕೆ ದಾಟಿಸುವುದು. ಸ್ಪ್ಯಾನಿಷಿನಲ್ಲಿ ಇದಕ್ಕೆ ಅಲ್ಮೆನಾರಾ ಎನ್ನುತ್ತಾರೆ, ನಮ್ಮ ಮಿನಾರದ ಮನೆತನದ್ದೇ ಶಬ್ದ. ಗ್ರಾನಡಾ 1492ರಲ್ಲಿ ಬಿದ್ದ ಮೇಲೆ ಗೋಪುರಗಳ ಕೆಲಸ ನಿಲ್ಲಲಿಲ್ಲ, ಮಾಲೀಕರು ಬದಲಾದರು. ಈ ಬಾರಿ ಕಾವಲುಗಾರ ಕ್ರೈಸ್ತ, ಆಚೆ ದಡದಿಂದ ಬರುವ ಕಡಲುಗಳ್ಳರು ಮುಸ್ಲಿಮರು. ಅವರೂ ಬೆಸ್ತರನ್ನೇ ಹಿಡಿದರು. ಅಲ್ಜೀರ್ಸಿನ ಗುಲಾಮರ ಸಂತೆಗೆ ಸಾಗಿಸಿದರು. ಡಾನ್ ಕ್ವಿಕ್ಸೋಟ್ ಬರೆದ ಸರ್ವಾಂಟೀಸ್ 1575ರಿಂದ 1580ರವರೆಗೆ ಅಲ್ಲಿ ಸೆರೆಯಲ್ಲಿದ್ದು ಬಿಡುಗಡೆಯ ಹಣ ಕಟ್ಟಿ ಬಂದವನು. ಅಪಾಯವೇನಿಲ್ಲ ಎನ್ನಲು ಸ್ಪೇನಿನ ಜನ ಈಗಲೂ, ದಡದಲ್ಲಿ ಮೂರರಿಲ್ಲ ಎಂದೇ ಆಡುತ್ತಾರೆ. ಮೂರರೆಂದರೆ ನಾವೇ, ಮುಸ್ಲಿಮರು. ನಮ್ಮ ದಮ್ಮಾಮ್ ಭಾಯಿಗೆ ಇದನ್ನು ಹೇಳಿದಾಗ ನಕ್ಕು, "ಹಾಗಾದರೆ ಇವತ್ತು ಹೇಳಬೇಡಿ ಅನ್ನಿ, ನಾವು ನಾಲ್ವರು ಬಂದಿದ್ದೀವಲ್ಲ" ಎಂದರು.

ಗೋಪುರಗಳಿಗೆ ಇನ್ನೊಂದು ಕೆಲಸವೂ ಇತ್ತು. ಬಲವಂತದಿಂದ ಕ್ರೈಸ್ತರಾದ ಮೊರಿಸ್ಕೋಗಳು ರಾತ್ರೋರಾತ್ರಿ ದೋಣಿ ಹತ್ತಿ ಆಫ್ರಿಕಾಕ್ಕೆ ಓಡಿಹೋಗದಂತೆಯೂ ದಡವನ್ನು ಕಾಯುತ್ತಿದ್ದರು. ಹೀಗೆ ಹೋಗಬಾರದೆಂದು ಕಾದವರೇ 1609ರಿಂದ 1614ರ ನಡುವೆ ಅವರನ್ನೆಲ್ಲ ಹಡಗಿಗೆ ತುಂಬಿ ಹೊರಗಟ್ಟಿದರು. ಸುಮಾರು ಮೂರು ಲಕ್ಷ ಜನ. ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬಾರದವರು ಅವರಲ್ಲಿ ಎಷ್ಟೋ ಮಂದಿ. ಆಚೆ ದಡದಲ್ಲಿ ಅವರನ್ನು ಕಂಡವರಿಗೆ ಇವರು ಕ್ರೈಸ್ತರಂತೆಯೇ ಕಂಡರು.

ಇಬ್ನ್ ಬತೂತಾನನ್ನು ದಾರಿಯಲ್ಲೇ ಬಿಟ್ಟೆವು. ಆ ರಾತ್ರಿ ಅವನು ಸುಹೈಲ್ ಕೋಟೆಯಲ್ಲಿ ಮಲಗಿದ; ಹಡಗುಗಳು ಕೆಳಗೆ ಲಂಗರು ಹಾಕಿಕೊಂಡೇ ಇದ್ದವು. ಮರುದಿನ ಅಧಿಕಾರಿಯೇ ಅವನನ್ನು ಮಾಲಗಾಕ್ಕೆ ಮುಟ್ಟಿಸಿದ. ಅಂಜೂರ, ಬಾದಾಮಿ, ಕೆಂಪು ದಾಳಿಂಬೆ, ದೂರದೂರಿಗೆ ಹೋಗುವ ಹೊನ್ನಬಣ್ಣದ ಪಿಂಗಾಣಿ, ಇವನ್ನೆಲ್ಲ ಅವನು ಹೊಗಳುತ್ತಾನೆ. ನಮಗೆ ಮುಖ್ಯವೆನಿಸಿದ್ದು ಅದಲ್ಲ. ಅವನು ಜಾಮಿ ಮಸೀದಿಗೆ ಹೋದಾಗ ಊರಿನ ಕಾಝಿ, ಫಕೀಹರು ಮತ್ತು ಊರ ಹಿರಿಯರ ನಡುವೆ ಕುಳಿತು ಚಂದಾ ಎತ್ತುತ್ತಿದ್ದರು. ಯಾವುದಕ್ಕೆಂದರೆ, ಹಿಂದಿನ ದಿನ ಸೆರೆ ಸಿಕ್ಕ ಆ ಹತ್ತು ಜನರನ್ನು ಬಿಡಿಸಿ ತರುವುದಕ್ಕೆ! ಮಸೀದಿಯಲ್ಲಿ ಚಂದಾ ಎತ್ತುವುದನ್ನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ನಮಗೆ ಆ ಜಮಾತ್ ಒಂದು ಕ್ಷಣ ನಮ್ಮ ಊರಿನದೇ ಎನಿಸಿತು. ಲೆಕ್ಕದ ಪುಸ್ತಕ ಹಿಡಿದವರೊಬ್ಬರು, ಹೆಚ್ಚು ಕೊಟ್ಟವರನ್ನು ಹೊಗಳುವವರೊಬ್ಬರು, ಕಡಿಮೆ ಕೊಟ್ಟು ಕಂಬದ ಹಿಂದೆ ಸರಿದವರೊಬ್ಬರು ಇದ್ದೇ ಇದ್ದಿರಬೇಕು. ಶತ್ರುವಿನ ಊರಿನಲ್ಲೂ ಇದೇ ನಡೆಯುತ್ತಿತ್ತು. ಸೆರೆಯಾಳುಗಳನ್ನು ಬಿಡಿಸಲೆಂದೇ ಹಣ ಕೂಡಿಸುವ ಕ್ರೈಸ್ತ ಸನ್ಯಾಸಿ ಪಂಥಗಳಿದ್ದವು. ಸರ್ವಾಂಟೀಸನನ್ನು ಬಿಡಿಸಿ ತಂದವರೂ ಅವರೇ.

ಆ ಮಸೀದಿ ಈಗಿಲ್ಲ. ಅಲ್ಲಿ ಮಾಲಗಾದ ದೊಡ್ಡ ಇಗರ್ಜಿ ನಿಂತಿದೆ. ಅದರ ಎರಡು ಗೋಪುರಗಳಲ್ಲಿ ಒಂದು ಪೂರ್ತಿಯಾಗದೆ ಉಳಿದದ್ದರಿಂದ ಊರಿನವರು ಅದನ್ನು ಒಂಟಿಕೈಯವಳು ಎಂದು ಮುದ್ದಿನಿಂದ ಕರೆಯುತ್ತಾರೆ. ಕಾಝಿ ಕುಳಿತು ಹತ್ತು ಜನರಿಗಾಗಿ ಚಂದಾ ಎತ್ತಿದ ಈ ಊರೇ 1487ರ ಆಗಸ್ಟಿನಲ್ಲಿ, ಮೂರು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆಯಲ್ಲಿ ಹಸಿದು, ಫರ್ಡಿನಾಂಡ್ ಮತ್ತು ಇಸಬೆಲ್ಲಾರಿಗೆ ಶರಣಾಯಿತು. ಉಳಿದವರು ಸುಮಾರು 11ರಿಂದ 15 ಸಾವಿರ ಜನರೆಂದು ಅಂದಾಜು. ಎಲ್ಲೋ ಕೆಲವರನ್ನು ಬಿಟ್ಟು ಹೆಣ್ಣು, ಗಂಡು, ಮಕ್ಕಳೆನ್ನದೆ ಅಷ್ಟೂ ಜನ ಗುಲಾಮರಾದರು. ಒಂದು ಪಾಲು ಆಫ್ರಿಕಾದಲ್ಲಿದ್ದ ಕ್ರೈಸ್ತ ಸೆರೆಯಾಳುಗಳಿಗೆ ಬದಲಿಯಾಗಿ, ಒಂದು ಪಾಲು ಯುದ್ಧದ ಖರ್ಚಿಗೆ, ಒಂದು ಪಾಲು ಸರದಾರರಿಗೆ ಬಹುಮಾನವಾಗಿ. ಊರಿನ ಯಹೂದಿಗಳನ್ನು ಕ್ಯಾಸ್ಟೈಲಿನ ಯಹೂದಿಗಳು ಹಣ ತೆತ್ತು ಬಿಡಿಸಿಕೊಂಡರು. ಐದು ವರ್ಷದಲ್ಲಿ ಅವರನ್ನೂ ದೇಶದಿಂದ ಹೊರಗಟ್ಟಲಾಯಿತು. ಮಾಲಗಾದ ಮುಸ್ಲಿಮರಿಗೆ ಚಂದಾ ಎತ್ತಲು ಹತ್ತಿರದಲ್ಲಿ ಇನ್ನೊಂದು ಊರು ಉಳಿದಿರಲಿಲ್ಲ.

ಮಾಲಗಾದಿಂದ ಪೂರ್ವಕ್ಕೆ ಅಲ್ಮೇರಿಯಾದವರೆಗೆ ಸುಮಾರು 200 ಕಿಲೋಮೀಟರ್. ಈಗ ಬೆಟ್ಟ ಕೊರೆದು ಮಾಡಿದ ಹೆದ್ದಾರಿಯಿದೆ. ಮೇಷ್ಟ್ರು ಹಟ ಹಿಡಿದು ಅಳಿಯನನ್ನು ಕೆಳಗಿನ ಹಳೆಯ ರಸ್ತೆಗೆ ಇಳಿಸಿದರು. ಗುಡ್ಡದ ಸೊಂಟಕ್ಕೆ ಕಟ್ಟಿದ ಪಟ್ಟಿಯಂತೆ ಕಡಲಿನ ಮೇಲೇ ಹೋಗುವ ರಸ್ತೆ ಅದು. ಕೆಲವೆಡೆ ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ನೇರ ನೀರು. ಓಡಿಹೋಗಬೇಕೆಂದರೆ ಮುಂದಕ್ಕೆ ಇಲ್ಲವೆ ಹಿಂದಕ್ಕೆ ಮಾತ್ರ.

1937ರ ಫೆಬ್ರವರಿಯಲ್ಲಿ ಈ ರಸ್ತೆಯಲ್ಲಿ ನಡೆದದ್ದು ನಮ್ಮ ಉರ್ದು ಕಾದಂಬರಿಗಳಲ್ಲಿ ಬರುವುದಿಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋನ ಸೇನೆ, ಮುಸೊಲಿನಿ ಕಳಿಸಿದ ಇಟಲಿಯ ಪಡೆಗಳೊಂದಿಗೆ, ಮಾಲಗಾವನ್ನು ಹಿಡಿಯಿತು. ಹಿಂದಿನ ರಾತ್ರಿಯಿಂದಲೇ ಜನ ಅಲ್ಮೇರಿಯಾದ ಕಡೆಗೆ ನಡೆಯತೊಡಗಿದ್ದರು. ಒಂದು ಲಕ್ಷವೆನ್ನುವವರಿದ್ದಾರೆ, ಮೂರು ಲಕ್ಷವೆನ್ನುವವರೂ ಇದ್ದಾರೆ. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಬಲಗಡೆ ಕಡಲಿನಲ್ಲಿ ಫ್ರಾಂಕೋನ ಯುದ್ಧನೌಕೆಗಳು ದಡಕ್ಕೆ ಸಮನಾಗಿ ಸಾಗುತ್ತ ರಸ್ತೆಯ ಮೇಲೆ ಗುಂಡು ಹಾರಿಸಿದವು, ಮೇಲಿನಿಂದ ವಿಮಾನಗಳು. ಸತ್ತವರು ಮೂರರಿಂದ ಐದು ಸಾವಿರವೆಂದು ಇತಿಹಾಸಕಾರರ ಅಂದಾಜು. ಕೆನಡಾದ ವೈದ್ಯ ನಾರ್ಮನ್ ಬೆಥೂನ್ ರಕ್ತ ಸಾಗಿಸುವ ತನ್ನ ಲಾರಿಯಲ್ಲಿ ಎದುರಿನಿಂದ ಬಂದು, ಈ ಜನಸಾಗರವನ್ನು ಕಂಡು, ಒಳಗಿದ್ದುದನ್ನು ಇಳಿಸಿ ಮಕ್ಕಳನ್ನು ತುಂಬಿಕೊಂಡು ದಿನಗಟ್ಟಲೆ ಅಲ್ಮೇರಿಯಾಕ್ಕೆ ಸಾಗಿಸಿದ. ಯಾರ ಮಗುವನ್ನು ಹತ್ತಿಸುವುದು, ಯಾರದನ್ನು ಬಿಡುವುದು ಎಂದು ನಿರ್ಧರಿಸಬೇಕಾಗಿ ಬಂದದ್ದನ್ನು ಅವನೇ ಬರೆದಿದ್ದಾನೆ. ಮುಂದೆ ಚೀನಾದಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1939ರಲ್ಲಿ ತೀರಿಕೊಂಡ ಬೆಥೂನ್ ಇವನೇ. ಅವನ ಹೆಸರಿನ ಆಸ್ಪತ್ರೆಯನ್ನು ಮುಂದೆ ನಡೆಸಿದವರು ನಮ್ಮ ಪಕ್ಕದ ಸೊಲ್ಲಾಪುರದ ಡಾ. ಕೋಟ್ನಿಸ್.

ಫ್ರಾಂಕೋನ ಸೇನೆಯಲ್ಲಿ ಹತ್ತಾರು ಸಾವಿರ ಮೊರಾಕ್ಕೋದ ಮುಸ್ಲಿಮ್ ಸಿಪಾಯಿಗಳಿದ್ದರು. ಸ್ಪೇನ್ ಆಳುತ್ತಿದ್ದ ರೀಫ್ ಬೆಟ್ಟಗಳ ಬಡವರು, ಸಂಬಳಕ್ಕಾಗಿ, ಗೋಧಿಗಾಗಿ ಸೇರಿದವರು. ಕ್ರೈಸ್ತ ಧರ್ಮವನ್ನು ಉಳಿಸಲು ಹೊರಟಿದ್ದೇನೆಂದು ಸಾರಿದ ಸೇನಾಪತಿ ಮುಸ್ಲಿಮರನ್ನು ತಂದು ಕ್ರೈಸ್ತರ ಮೇಲೆ ಬಿಟ್ಟ. ಉಂದಲುಸಿನ ಕಥೆಯನ್ನು ಬರೀ ನಾವು ಮತ್ತು ಅವರು ಎಂದು ಹೇಳುವವರು ಈ ಸಿಪಾಯಿಯನ್ನು ಎಲ್ಲಿ ನಿಲ್ಲಿಸುತ್ತಾರೆ? ನಮ್ಮಲ್ಲಿ ಹೀಗೆ ಹೇಳುವವರಿದ್ದಾರೆ, ಅಲ್ಲಿಯೂ ಇದ್ದಾರೆ. ಸುಹೈಲ್ ಬಳಿ ಸತ್ತ ಬೆಸ್ತನಿಗೂ ಈ ರಸ್ತೆಯಲ್ಲಿ ಸತ್ತ ಹೆಂಗಸಿಗೂ ಕಲಿಮಾ ಬೇರೆ, ಕಡಲಿನ ಕಡೆಯಿಂದ ಬಂದ ಸಾವು ಒಂದೇ. ಫ್ರಾಂಕೋ 1975ರಲ್ಲಿ ಸಾಯುವವರೆಗೂ ಈ ರಸ್ತೆಯ ಮಾತನ್ನು ಬಹಿರಂಗವಾಗಿ ಆಡುವಂತಿರಲಿಲ್ಲ. ಈಚಿನ ವರ್ಷಗಳಲ್ಲಿ ಫೆಬ್ರವರಿ ಬಂದಾಗ ಜನ ಗುಂಪಾಗಿ ಇಲ್ಲಿ ನಡೆಯುತ್ತಾರೆ.

ಅಲ್ಮುನ್ಯೇಕರ್ ಎಂಬ ಊರಿನ ಕಡಲಂಚಿನಲ್ಲಿ ಒಬ್ಬ ಅರಬನ ದೊಡ್ಡ ಪ್ರತಿಮೆಯಿದೆ. ಉಮಯ್ಯಾ ವಂಶದ ಅಬ್ದುರ್ರಹಮಾನ್. 750ರಲ್ಲಿ ಅಬ್ಬಾಸಿಗಳು ಅವನ ವಂಶವನ್ನೇ ಕೊಚ್ಚಿಹಾಕಿದಾಗ ಅವನಿಗೆ ಇಪ್ಪತ್ತರ ಆಸುಪಾಸು. ಯೂಫ್ರೆಟಿಸ್ ನದಿಗೆ ಹಾರಿ ಈಜಿದ. ಜೊತೆಗೆ ಹಾರಿದ ಚಿಕ್ಕ ತಮ್ಮ ದಡದಲ್ಲಿದ್ದವರ ಅಭಯದ ಮಾತು ನಂಬಿ ಹಿಂದಿರುಗಿದ. ಅವನ ತಲೆ ಹೋಯಿತು. ಬದ್ರ್ ಎಂಬ ಸೇವಕನೊಂದಿಗೆ ಐದು ವರ್ಷ ಆಫ್ರಿಕಾದಲ್ಲಿ ಅಲೆದು, 755ರಲ್ಲಿ ಈ ದಡದಲ್ಲಿ ಇಳಿದು, ಮರುವರ್ಷವೇ ಕುರ್ತುಬಾದ ಒಡೆಯನಾದ. ಅವನನ್ನು ಗಿಡುಗವೆಂದು ಹಾಡಿದವರು ಬಹಳ. ಪ್ರತಿಮೆಯ ಬುಡದಲ್ಲಿ ನಿಂತು ಭಾಯಿ ಹೇಳಿದರು: "ವೀಸಾ ಇಲ್ಲದೆ ಬಂದವರಿಗೂ ಇಲ್ಲಿ ಮೂರ್ತಿ ನಿಲ್ಲಿಸ್ತಾರೆ ಅನ್ನಿ."

ಮುಂದಿನ ಸಲೊಬ್ರೆನ್ಯಾ ಮತ್ತು ಮೊತ್ರಿಲ್ ಕಬ್ಬಿನ ಊರುಗಳು. ಕಬ್ಬಾಗಿದ್ದವು ಎನ್ನಬೇಕು. ಕಬ್ಬನ್ನೂ, ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕ್ರಮವನ್ನೂ ಇಲ್ಲಿಗೆ ತಂದವರು ಅರಬರು. ನಮ್ಮ ಶರ್ಕರ ಪಾರಸಿಯಲ್ಲಿ ಶಕರ್ ಆಗಿ, ಅರಬಿಯಲ್ಲಿ ಸುಕ್ಕರ್ ಆಗಿ, ಸ್ಪ್ಯಾನಿಷಿನಲ್ಲಿ ಅಸೂಕರ್ ಆಯಿತು; ಬೆಳೆಯೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದು ಬಂತು. ಸ್ಪೇನಿನವರ ಕೈಯಿಂದ ಅದು ಅಟ್ಲಾಂಟಿಕ್ ದ್ವೀಪಗಳಿಗೆ, ಅಲ್ಲಿಂದ 1493ರಲ್ಲಿ ಕೊಲಂಬಸನ ಎರಡನೆಯ ಯಾನದಲ್ಲಿ ಅಮೆರಿಕಕ್ಕೆ ಹೋಯಿತು. ಅದರ ಹಿಂದೆಯೇ ಆಫ್ರಿಕಾದ ಗುಲಾಮರು ಹಡಗುಗಟ್ಟಲೆ ಹೋದರು. ಸಲೊಬ್ರೆನ್ಯಾದಲ್ಲಿ ಯುರೋಪಿನ ಕೊಟ್ಟಕೊನೆಯ ಕಬ್ಬಿನ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು. ಈಗ ಆ ಬಯಲಿನಲ್ಲಿ ಬೆಣ್ಣೆಹಣ್ಣು, ಸೀತಾಫಲದ ಜಾತಿಯ ಒಂದು ಹಣ್ಣು. ಮಂಡ್ಯ ಕಂಡ ನಮ್ಮ ಕಣ್ಣಿಗೆ ನಿಂತುಹೋದ ಚಿಮಣಿ ಹೊಸದಾಗಿರಲಿಲ್ಲ.

ಆದ್ರಾ ಸಣ್ಣ ಬಂದರು. ಗ್ರಾನಡಾದ ಕೊನೆಯ ಸುಲ್ತಾನ ಅಬೂ ಅಬ್ದುಲ್ಲಾ, ಸ್ಪ್ಯಾನಿಷರ ಬಾಯಲ್ಲಿ ಬೊಅಬ್ದಿಲ್, 1493ರ ಅಕ್ಟೋಬರಿನಲ್ಲಿ ಇಲ್ಲಿಂದ ಹಡಗೇರಿ ಮೊರಾಕ್ಕೋಗೆ ಹೋದ. ಊರು ಬಿಡುವಾಗ ಅತ್ತ, ತಾಯಿ ಮೂದಲಿಸಿದಳು ಎಂಬ ಕಥೆಗೆ ನಾವು ಶಾಲೆಯಲ್ಲಿ ಅತ್ತಿದ್ದೆವು. ಆ ಕಥೆ ಘಟನೆ ನಡೆದು ದಶಕಗಳ ಬಳಿಕ ಒಬ್ಬ ಕ್ರೈಸ್ತ ಬಿಷಪ್ಪನ ಬರಹದಲ್ಲಿ ಕಾಣಿಸಿಕೊಂಡದ್ದು. 1618ರಲ್ಲಿ ಅವನ ಸಂತತಿಯವರು ಫೆಸ್ ನಗರದಲ್ಲಿ ದಾನ ಧರ್ಮದ ಮೇಲೆ ಬದುಕುತ್ತಿದ್ದುದನ್ನು ಇತಿಹಾಸಕಾರ ಮಕ್ಕರಿ ದಾಖಲಿಸಿದ್ದಾನೆ. ಆ ದಾಖಲೆಗೆ ಯಾರೂ ಅಳುವುದಿಲ್ಲ.

ಆದ್ರಾ ದಾಟಿದ ಮೇಲೆ ನೆಲ ಕಾಣುವುದಿಲ್ಲ. ಅಲ್ಮೇರಿಯಾದವರೆಗೆ ಮೂವತ್ತು ಸಾವಿರ ಹೆಕ್ಟೇರಿನಷ್ಟು ಬಿಳಿಯ ಪ್ಲಾಸ್ಟಿಕ್ ಹೊದಿಕೆ, ಅದರಡಿ ಟೊಮೆಟೊ, ಸೌತೆ, ದೊಣ್ಣೆಮೆಣಸು. ಯುರೋಪು ಚಳಿಗಾಲದಲ್ಲಿ ತಿನ್ನುವ ತರಕಾರಿಯ ದೊಡ್ಡ ಪಾಲು ಇಲ್ಲಿಯದು. ಒಳಗೆ ಬೆವರಿಳಿಸುವವರು ಬಹುಪಾಲು ಮೊರಾಕ್ಕೋದವರು, ಆಫ್ರಿಕಾದ ಇತರರು. 2000ದ ಫೆಬ್ರವರಿಯಲ್ಲಿ ಇಲ್ಲಿನ ಎಲ್ ಎಹೀದೊ ಊರಿನಲ್ಲಿ, ಒಂದು ಕೊಲೆಯ ನೆಪದಲ್ಲಿ, ಅವರ ಮನೆ ಅಂಗಡಿಗಳನ್ನು ಮೂರು ದಿನ ಸುಟ್ಟರು. ಇವರಲ್ಲಿ ಎಷ್ಟೋ ಮಂದಿ ಬಂದದ್ದು ಸಣ್ಣ ದೋಣಿಗಳಲ್ಲಿ. ಹಾಗೆ ಬರುವವರನ್ನು ಮೊರಾಕ್ಕೋದಲ್ಲಿ ಹರ್ರಾಗ ಎನ್ನುತ್ತಾರೆ, ಸುಡುವವರು ಎಂದು ಅರ್ಥ. ಹಿಡಿದವರಿಗೆ ಊರು ತಿಳಿಯಬಾರದೆಂದು ಗುರುತಿನ ಕಾಗದ ಸುಟ್ಟುಕೊಂಡು ಬರುತ್ತಾರೆ. 1988ರ ನವೆಂಬರ್ 1ರಂದು ತಾರಿಫಾದ ಮರಳಿನ ಮೇಲೆ ಮೊದಲ ಶವ ಸಿಕ್ಕಿತು. ಆಮೇಲಿನದಕ್ಕೆ ಲೆಕ್ಕ ಇಟ್ಟವರ ಲೆಕ್ಕವೂ ತಪ್ಪುತ್ತದೆ. 2002ರಿಂದ ದಡದಲ್ಲಿ ರಾಡಾರು, ಕತ್ತಲಲ್ಲೂ ನೋಡುವ ಕ್ಯಾಮೆರಾ. ಈ ಗೋಪುರದಲ್ಲಿ ಕಾವಲುಗಾರ ಇಲ್ಲದ ಹೊತ್ತೆಂಬುದಿಲ್ಲ.

ದಾರಿಬದಿಯ ಒಂದು ಚಹಾದಂಗಡಿಯಲ್ಲಿ ಪುದೀನಾ ಚಹಾ ಕುಡಿದೆವು. ಎದುರು ಕುಳಿತಿದ್ದ ಇಬ್ಬರು ಹುಡುಗರು ನಾವು ಹಿಂದ್‌ನವರೆಂದು ತಿಳಿದೊಡನೆ ಅಮಿತಾಭ್, ಶಾರುಖ್ ಎಂದು ಶುರುಮಾಡಿದರು. ಭಾಯಿಯ ಗಲ್ಫ್ ಅರಬಿ ಅವರಿಗೆ ಅರ್ಧ ತಿಳಿಯಿತು, ಅವರ ಮೊರಾಕ್ಕೋ ಅರಬಿ ಭಾಯಿಗೆ ಕಾಲುಭಾಗ. ಮೇಷ್ಟ್ರು ಸುಮ್ಮನಿರದೆ, ಅಬೂ ಅಬ್ದುಲ್ಲಾ ಇಲ್ಲಿಂದಲೇ ಮೊರಾಕ್ಕೋಗೆ ಹೋದದ್ದು ಗೊತ್ತೇ ಕೇಳಿ ಎಂದರು. ಭಾಯಿ ಕೇಳಿದರು. ಹುಡುಗರಲ್ಲಿ ಒಬ್ಬ ಗ್ಲಾಸು ಕೆಳಗಿಟ್ಟ. "ಯಾವ ಅಬೂ ಅಬ್ದುಲ್ಲಾ? ಯಾವಾಗ ವಾಪಸು ಕಳಿಸಿದರು?" ಎಂದ. ನಮಗೆ ನಗು ಬಂದರೂ ಅವನ ಮುಖದಲ್ಲಿ ನಗುವಿರಲಿಲ್ಲ. ಐದುನೂರು ವರ್ಷದ ಹಿಂದಿನ ಮಾತೆಂದು ಭಾಯಿ ಬೆರಳೆಣಿಸಿ ತಿಳಿಸಿದ ಮೇಲೆ ಅವನಿಗೆ ನಿರಾಳವಾಯಿತು. ಅವರ ಕೋಣೆಯಲ್ಲಿ ಅದೇ ಹೆಸರಿನವನೊಬ್ಬ ಇದ್ದನಂತೆ. ವಾರದಿಂದ ಕೆಲಸಕ್ಕೆ ಬಂದಿರಲಿಲ್ಲವಂತೆ, ಕಾಗದಪತ್ರ ಇರಲಿಲ್ಲವಂತೆ. ವಕೀಲನಿಗೆ ಕೊಡಲು ಹುಡುಗರು ಆಗಲೇ ತಲೆಗಿಷ್ಟೆಂದು ಹಣ ಕೂಡಿಸುತ್ತಿದ್ದರು. ಭಾಯಿ ಜೇಬಿನಿಂದ ನೋಟು ತೆಗೆದರು, ಮೇಷ್ಟ್ರೂ ತೆಗೆದರು. ಹುಡುಗ ಬೇಡವೆನ್ನಲಿಲ್ಲ. ಜೇಬಿನಿಂದ ಮಡಿಸಿದ ಒಂದು ಹಾಳೆ ಬಿಡಿಸಿ, ನಮ್ಮ ಹೆಸರು ಕೇಳಿ, ಅರಬಿ ಅಕ್ಷರದಲ್ಲಿ ಬರೆದುಕೊಂಡ.